ಹತ್ತೂವರೆಗೆ ಹೋಗಿ ನೋಡಿ: ಮೈಸೂರು, ಮಂಡ್ಯದಲ್ಲಿ ಶಿಶುವಿಹಾರ ಆರಿಸುವ ಬಗೆ

ವರ್ಷದ ಕೊನೆ ಬಂತೆಂದರೆ ಮೈಸೂರಿನ ಕುವೆಂಪುನಗರ, ದಟ್ಟಗಳ್ಳಿ, ಬೋಗಾದಿ, ಮಂಡ್ಯದ ವಿದ್ಯಾನಗರ, ಅಶೋಕನಗರ ಎಲ್ಲ ಕಡೆ ‘ಪ್ರವೇಶ ಆರಂಭವಾಗಿದೆ’ ಎನ್ನುವ ಫ್ಲೆಕ್ಸ್‌ಗಳು ಮೂಲೆಮೂಲೆಯಲ್ಲೂ ಕಾಣಿಸಿಕೊಳ್ಳುತ್ತವೆ. ಪ್ಲೇಹೋಮ್, ನರ್ಸರಿ, ಮಾಂಟೆಸರಿ, ಕಿಡ್ಸ್, ಇಂಟರ್‌ನ್ಯಾಷನಲ್, ಹೆಸರು ಏನೇ ಇರಲಿ, ಒಳಗಿರುವುದು ಒಂದು ಕೋಣೆ, ಒಬ್ಬ ಮಿಸ್ಸು, ಒಬ್ಬ ಆಯಾ, ಮತ್ತೆ ಒಂದಷ್ಟು ಮಕ್ಕಳು. ಮಗುವಿನ ದಿನ ಹೇಗೆ ಕಳೆಯುತ್ತದೆ ಎಂಬುದು ನಿಂತಿರುವುದು ಇವರ ಮೇಲೆಯೇ. ಬ್ರೋಷರ್‌ನಲ್ಲಿ ಇದ್ಯಾವುದೂ ಕಾಣಿಸುವುದಿಲ್ಲ. ಶಾಲೆ ನಡೆಯುತ್ತಿರುವಾಗ ಹೋಗಿ ನಿಂತು ನೋಡಿದರೆ ಅರ್ಧ ಗಂಟೆಯಲ್ಲಿ ಬಹುಪಾಲು ಗೊತ್ತಾಗುತ್ತದೆ, ಏನನ್ನು ನೋಡಬೇಕು ಅಂತ ಮೊದಲೇ ತಿಳಿದಿದ್ದರೆ.

ವಯಸ್ಸಿನ ಲೆಕ್ಕ ಒಂದನೇ ತರಗತಿಯಿಂದ ಹಿಂದಕ್ಕೆ

ಕರ್ನಾಟಕದಲ್ಲಿ ಒಂದನೇ ತರಗತಿಗೆ ಸೇರಲು ಆ ವರ್ಷದ ಜೂನ್ 1ಕ್ಕೆ ಮಗುವಿಗೆ 6 ವರ್ಷ ತುಂಬಿರಬೇಕು ಎಂಬುದು ನಿಯಮ. ಅದರಂತೆ ಎಲ್‌ಕೆಜಿಗೆ 4, ಯುಕೆಜಿಗೆ 5. ಯುಕೆಜಿ ಮುಗಿಸಿದ ಮಕ್ಕಳಿಗೆಂದು 2025-26ನೇ ಸಾಲಿಗೆ ಇದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದರು. ಪೋಷಕರು ಗಲಾಟೆ ಮಾಡಿದ ಮೇಲೆ ಸಿಕ್ಕ ರಿಯಾಯಿತಿ ಅದು. ಪ್ರತಿ ಸಲವೂ ಸಿಕ್ಕೇ ಸಿಗುತ್ತದೆ ಎಂದು ನಂಬಿ ಮಗುವನ್ನು ಬೇಗ ಸೇರಿಸುವುದು ಜಾಣತನವಲ್ಲ.

2022ರ ಜೂನ್ 20ರಂದು ಹುಟ್ಟಿದ ಮಗುವನ್ನೇ ತೆಗೆದುಕೊಳ್ಳಿ. 2028ರ ಜೂನ್ 1ಕ್ಕೆ ಅದಕ್ಕೆ 5 ವರ್ಷ 11 ತಿಂಗಳು ದಾಟಿರುತ್ತದೆ, ಆದರೆ 6 ತುಂಬಿರುವುದಿಲ್ಲ. ಒಂದನೇ ತರಗತಿ 2029ಕ್ಕೇ. ಹಾಗಾದರೆ ಯುಕೆಜಿ 2028ರಲ್ಲಿ, ಎಲ್‌ಕೆಜಿ 2027ರಲ್ಲಿ, ನರ್ಸರಿ 2026ರಲ್ಲಿ. ಎರಡು ವರ್ಷಕ್ಕೇ ಪ್ಲೇಹೋಮ್‌ಗೆ ಹಾಕಿ ಪ್ರತಿವರ್ಷ ಮುಂದೆ ತಳ್ಳಿದ ಮಕ್ಕಳು ಕೊನೆಗೆ ಯುಕೆಜಿಯಲ್ಲಿ ಎರಡನೇ ಸಲ ಕೂರುವುದು ಇದೇ ಕಾರಣಕ್ಕೆ. ಜೊತೆಯವರೆಲ್ಲ ಮುಂದಕ್ಕೆ ಹೋಗಿ ತಾನೊಬ್ಬನೇ ಉಳಿದದ್ದು ಐದು ವರ್ಷದ ಮಗುವಿಗೂ ಅರ್ಥವಾಗುತ್ತದೆ. ಅಡ್ಮಿಷನ್ ಫೀ ಕಟ್ಟುವ ಮುಂಚೆ ಆ ಸಾಲಿನ ನಿಯಮವನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಕೇಳಿಕೊಳ್ಳಿ. ಶಾಲೆಯವರು ‘ಏನೂ ಆಗಲ್ಲ, ನಾವು ನೋಡ್ಕೋತೀವಿ’ ಅಂದರೆ ಅದನ್ನು ಬರೆದುಕೊಡಲು ಹೇಳಿ, ಯಾರೂ ಕೊಡುವುದಿಲ್ಲ.

ಮೂರು ವರ್ಷದೊಳಗಿನ ಮಗುವಿಗೆ ಶಾಲೆ ಬೇಕೇ? ಮನೆಯಲ್ಲಿ ಅಜ್ಜಿಯೋ ತಾತನೋ ಇದ್ದು, ಆಡಲು ಅಕ್ಕಪಕ್ಕದ ಮಕ್ಕಳಿದ್ದರೆ ಬೇಡ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ಆಗ ನೋಡಬೇಕಾದ್ದು ಡೇ ಕೇರ್. ಅದರ ಅಳತೆಗೋಲೇ ಬೇರೆ: ಅಲ್ಲಿ ಪಾಠಕ್ಕಿಂತ ನಿದ್ದೆ, ಊಟ, ಎತ್ತಿಕೊಳ್ಳುವ ಕೈ ಮುಖ್ಯ.

ಟೈಲ್ಸ್ ಎಣಿಸಿ, ತಲೆ ಎಣಿಸಿ

ಕೇಂದ್ರ ಸರ್ಕಾರದ 2013ರ ಶಿಶು ಆರೈಕೆ ಮತ್ತು ಶಿಕ್ಷಣ ನೀತಿ ಕೆಲವು ಅಳತೆಗಳನ್ನು ಸ್ಪಷ್ಟವಾಗಿ ಹೇಳಿದೆ. 30 ಮಕ್ಕಳ ಗುಂಪಿಗೆ ಕನಿಷ್ಠ 35 ಚದರ ಮೀಟರಿನ ಕೋಣೆ, ಹೊರಗೆ ಆಡಲು ಕನಿಷ್ಠ 30 ಚದರ ಮೀಟರ್ ಜಾಗ. ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ಬ ದೊಡ್ಡವರು, ಮೂರರೊಳಗಿನವರಾದರೆ 10 ಮಕ್ಕಳಿಗೆ ಒಬ್ಬರು. ಶಾಲೆಯ ಹೊತ್ತು ದಿನಕ್ಕೆ 3ರಿಂದ 4 ಗಂಟೆ.

ನಮ್ಮಲ್ಲಿ ಬಹುತೇಕ ಪ್ಲೇಹೋಮ್‌ಗಳು ಇರುವುದು 30-40 ಸೈಟಿನ ಬಾಡಿಗೆ ಮನೆಗಳಲ್ಲಿ. 35 ಚದರ ಮೀಟರ್ ಎಂದರೆ ಸುಮಾರು 375 ಚದರಡಿ, ಒಂದು ಮಗುವಿಗೆ ಹನ್ನೆರಡೂವರೆ ಚದರಡಿ. ಅಳೆಯಲು ಟೇಪು ಬೇಕಿಲ್ಲ. ನೆಲಕ್ಕೆ ಎರಡಡಿ ಟೈಲ್ಸ್ ಹಾಕಿದ್ದರೆ ಒಂದು ಟೈಲ್ಸ್ ನಾಲ್ಕು ಚದರಡಿ, ಹಾಗಾಗಿ ಪ್ರತಿ ಮಗುವಿಗೆ ಮೂರು ಟೈಲ್ಸಿಗಿಂತ ಒಂದಿಷ್ಟು ಹೆಚ್ಚು ಬರಬೇಕು. ಉದ್ದಕ್ಕೆ ಒಂಬತ್ತು, ಅಗಲಕ್ಕೆ ಆರು ಟೈಲ್ಸ್ ಇರುವ ಹಾಲ್ 216 ಚದರಡಿ ಆಯಿತು. ಅದರಲ್ಲಿ 17 ಮಕ್ಕಳು ಹಿಡಿಸುತ್ತಾರೆ. ಆ ಹಾಲ್‌ನಲ್ಲಿ ಬೆಂಚು ಹಾಕಿ 28 ಮಕ್ಕಳನ್ನು ಕೂರಿಸಿದ್ದರೆ, ಕೂತಲ್ಲೇ ಕೂತಿರಿ ಅಂತ ಗದರುವುದು ಬಿಟ್ಟು ಮಿಸ್ಸಿಗೂ ಬೇರೆ ದಾರಿಯಿಲ್ಲ. ಗದರುವ ಮಿಸ್ಸು ಕೆಟ್ಟವರೇ ಆಗಿರಬೇಕಿಲ್ಲ, ಎಷ್ಟೋ ಸಲ ಕೋಣೆಯೇ ಅವರನ್ನು ಹಾಗೆ ಮಾಡಿರುತ್ತದೆ.

ತಲೆ ಎಣಿಸುವಾಗ ರಿಜಿಸ್ಟರಿನ ಸಂಖ್ಯೆ ಕೇಳಬೇಡಿ, ಅವತ್ತು ಕಣ್ಣಿಗೆ ಕಾಣುವ ದೊಡ್ಡವರನ್ನು ಎಣಿಸಿ. ಪ್ರಿನ್ಸಿಪಾಲರು, ರಿಸೆಪ್ಷನ್‌ನವರು ಲೆಕ್ಕಕ್ಕಿಲ್ಲ. ಆಯಾ ಒಬ್ಬರೇ ಇದ್ದು, ಅವರು ಒಂದು ಮಗುವನ್ನು ಟಾಯ್ಲೆಟ್‌ಗೆ ಕರೆದುಕೊಂಡು ಹೋದಾಗ ಉಳಿದವರ ಜೊತೆ ಯಾರಿರುತ್ತಾರೆ ಎಂದು ಕೇಳಿ.

ಭೇಟಿಯ ಹೊತ್ತು

ಶನಿವಾರ ಕರೆಯುತ್ತಾರೆ, ಹೋಗಬೇಡಿ. ವಾರದ ನಡುವೆ, ಹತ್ತೂವರೆ ಹೊತ್ತಿಗೆ ಹೋಗಿ. ಬೆಳಗಿನ ಪ್ರಾರ್ಥನೆಯ ಶಿಸ್ತು ಕರಗಿ, ಸ್ನ್ಯಾಕ್ಸ್ ಡಬ್ಬಿ ತೆರೆಯುವ ಮುಂಚೆ ಶಾಲೆ ತನ್ನ ನಿಜವಾದ ಲಯದಲ್ಲಿರುವ ಹೊತ್ತದು. ತರಗತಿಯ ಬಾಗಿಲಲ್ಲಿ ನಿಲ್ಲಲು ಅನುಮತಿ ಕೇಳಿ. ‘ಮಕ್ಕಳಿಗೆ ಡಿಸ್ಟರ್ಬ್ ಆಗುತ್ತೆ’ ಎಂದರೆ ಅದರಲ್ಲಿ ಸ್ವಲ್ಪ ಸತ್ಯವಿದೆ, ಹತ್ತು ನಿಮಿಷ ಸಾಕು ಎನ್ನಿ. ಒಂದು ಕ್ಷಣವೂ ಒಳಗೆ ಬಿಡದ ಕಡೆ ಎರಡನೇ ಸಲ ಹೋಗುವ ಅಗತ್ಯವಿಲ್ಲ.

ಮೊದಲು ಗೋಡೆ. ಒಂದೇ ಅಚ್ಚಿನ, ಒಂದೇ ಹಳದಿಯ ಇಪ್ಪತ್ತು ಬಾತುಕೋಳಿ ಸಾಲಾಗಿ ಅಂಟಿಸಿದ್ದರೆ, ಎಲ್ಲದರ ಕೊಕ್ಕೂ ಗೆರೆ ದಾಟದೆ ಬಣ್ಣ ತುಂಬಿದ್ದರೆ, ಅವು ಮಿಸ್ಸು ಬರೆದ ಬಾತುಕೋಳಿಗಳು. ಮೂರೂವರೆ ವರ್ಷದ ಮಗು ಬರೆದ ಬಾತುಕೋಳಿಗೆ ಕಾಲು ನಾಲ್ಕಿರಬಹುದು, ಕೊಕ್ಕೇ ಇಲ್ಲದಿರಬಹುದು. ಅಂಥವು ಗೋಡೆ ಮೇಲಿದ್ದರೆ, ಅದೂ ಮಗುವಿನ ಕಣ್ಣಿನ ಎತ್ತರಕ್ಕಿದ್ದರೆ, ಒಳ್ಳೆಯ ಲಕ್ಷಣ.

ಆಮೇಲೆ ಕಿವಿಗೊಡಿ. ಮಿಸ್ಸು ಮಕ್ಕಳ ಜೊತೆ ಆಡುವ ಮಾತಲ್ಲಿ ಆಜ್ಞೆಗಳೆಷ್ಟು, ಮಾತುಕತೆ ಎಷ್ಟು? ‘ಬಾಯಿ ಮೇಲೆ ಬೆರಳು’, ‘ಕೈ ಕಟ್ಟು’, ‘ಕೂತ್ಕೋ’ ಇವಿಷ್ಟೇ ಕೇಳಿಸಿದರೆ ಮಗುವಿನ ಮಾತು ಬೆಳೆಯಲು ಅಲ್ಲಿ ಏನೂ ಇಲ್ಲ. ‘ನಿನ್ ಡಬ್ಬಿಲಿ ಏನಿದೆ ಪುಟ್ಟಾ? ಯಾರ್ ಮಾಡಿದ್ದು?’ ಎಂದು ಕೇಳಿ ಉತ್ತರಕ್ಕೆ ಕಾಯುವ ಮಿಸ್ಸು ಸಿಕ್ಕರೆ ಉಳಿದ ಕೊರತೆಗಳನ್ನು ಒಂದಷ್ಟು ಮನ್ನಿಸಬಹುದು. ಅಳುವ ಮಗು ಒಂದಾದರೂ ಇದ್ದೇ ಇರುತ್ತದೆ. ಅದರ ಹತ್ತಿರ ಯಾರು ಹೋದರು, ಕೆಳಗೆ ಕೂತು ಮಾತಾಡಿಸಿದರೇ, ಇಲ್ಲ ‘ಪೊಲೀಸ್ ಬರ್ತಾನೆ’ ಅಂದರೇ ಎಂಬುದನ್ನು ಮಾತ್ರ ತಪ್ಪದೆ ಗಮನಿಸಿ.

ಟಾಯ್ಲೆಟ್ ತೋರಿಸಿ ಎಂದು ಸಂಕೋಚವಿಲ್ಲದೆ ಕೇಳಿ. ಸೋಪು ಇದೆಯೇ, ನಲ್ಲಿ ಮಗುವಿನ ಕೈಗೆ ಎಟುಕುತ್ತದೆಯೇ, ಒಳಗಿನ ಚಿಲಕ ತೆಗೆದಿದ್ದಾರೆಯೇ, ಆಸಿಡ್, ಫಿನಾಯಿಲ್ ಬಾಟಲಿ ಅಲ್ಲೇ ನೆಲದ ಮೇಲಿದೆಯೇ? ಕೊನೆಯದು ಕಂಡರೆ ಆಫೀಸ್ ರೂಮಿನ ಶೀಲ್ಡು, ಟ್ರೋಫಿಗಳಿಗೆ ಬೆಲೆ ಕೊಡಬೇಕಾಗಿಲ್ಲ. ಮಕ್ಕಳಿಗೆ ಟಾಯ್ಲೆಟ್‌ನಲ್ಲಿ ಸಹಾಯ ಮಾಡುವವರು ಯಾರು ಎಂದು ಹೆಸರು ಸಹಿತ ಕೇಳಿ. ಅದು ಮಗುವಿಗೆ ಪರಿಚಯವಿರುವ ಮಹಿಳಾ ಸಿಬ್ಬಂದಿ ಆಗಿರಬೇಕು, ‘ಯಾರಾದ್ರೂ ಕರ್ಕೊಂಡು ಹೋಗ್ತಾರೆ’ ಎಂಬ ಉತ್ತರ ಸಾಲದು. ಸಿಸಿಟಿವಿ ಇರಲಿ, ಆದರೆ ಅದನ್ನು ನೋಡುವವರು ಯಾರು, ಎಷ್ಟು ದಿನದ ದೃಶ್ಯ ಉಳಿಸಿರುತ್ತಾರೆ ಎಂದು ಕೇಳದಿದ್ದರೆ ಅದು ಬರೀ ಅಲಂಕಾರ.

ಇನ್ನೊಂದೇ ಪ್ರಶ್ನೆ: ಈ ಮಿಸ್ಸು ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು? ವರ್ಷಕ್ಕೊಮ್ಮೆ ಸಿಬ್ಬಂದಿ ಪೂರ್ತಿ ಬದಲಾಗುವ ಕಡೆ ಸಂಬಳ ಕಡಿಮೆ ಇರುತ್ತದೆ, ತರಬೇತಿಗೆ ಯಾರೂ ದುಡ್ಡು ಹಾಕಿರುವುದಿಲ್ಲ.

ಪೆನ್ಸಿಲ್ ಯಾವಾಗ

ಪೋಷಕರೂ ಶಾಲೆಯವರೂ ಸೇರಿ ಎಡವುವುದು ಹೆಚ್ಚಾಗಿ ಇಲ್ಲೇ. ‘ಪಕ್ಕದ್ಮನೆ ಮಗು ನರ್ಸರಿಲೇ ಎ ಟು ಝಡ್ ಬರಿಯುತ್ತೆ’ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಮೂರು ವರ್ಷದ ಕೈಗೆ ಪೆನ್ಸಿಲ್ ಬರುತ್ತದೆ. ಆ ಕೈ ಅದಕ್ಕೆ ಸಿದ್ಧವಾಗಿರುವುದಿಲ್ಲ. ಸಾಮಾನ್ಯವಾಗಿ ಮಗು ನೋಡಿಕೊಂಡು ಸೊನ್ನೆ ಬರೆಯುವುದು ಮೂರರ ಸುಮಾರಿಗೆ, ಕೂಡಿಸುವ ಚಿಹ್ನೆ ನಾಲ್ಕಕ್ಕೆ, ಚೌಕ ಅದಾದ ಕೆಲವು ತಿಂಗಳಿಗೆ, ತ್ರಿಕೋನ ಐದಕ್ಕೆ. ಓರೆ ಗೆರೆ ಎಳೆಯಲು ಕಣ್ಣು ಮತ್ತು ಕೈ ಒಟ್ಟಿಗೆ ಕೆಲಸ ಮಾಡುವುದು ಅಷ್ಟು ತಡ. ಓರೆ ಗೆರೆಯೇ ಬಾರದ ಮಗುವಿನಿಂದ ಕೆ, ಎಮ್, ಡಬ್ಲ್ಯೂ ಬರೆಸಿದರೆ ಅದು ಇಡೀ ಮುಷ್ಟಿಯಲ್ಲಿ ಪೆನ್ಸಿಲ್ ಹಿಡಿದು, ಹಾಳೆ ಹರಿಯುವಷ್ಟು ಒತ್ತಿ ಬರೆಯುತ್ತದೆ. ಆ ಹಿಡಿತ ಅಭ್ಯಾಸವಾಗಿಬಿಟ್ಟರೆ ಮೂರನೇ ಕ್ಲಾಸಿನಲ್ಲಿ ಅರ್ಧ ಪುಟಕ್ಕೇ ಕೈ ನೋವು ಅನ್ನುತ್ತದೆ. ಅಭ್ಯಾಸ ಬಿಡಿಸುವುದು ಕಲಿಸುವುದಕ್ಕಿಂತ ಕಷ್ಟ.

ಹಾಗಾದರೆ ಮೂರು, ನಾಲ್ಕು ವರ್ಷಕ್ಕೆ ಕೈಗೆ ಏನು ಕೆಲಸ? ಒಳ್ಳೆಯ ಶಿಶುವಿಹಾರದಲ್ಲಿ ಜೇಡಿಮಣ್ಣು, ಹಿಟ್ಟಿನ ಉಂಡೆ, ದಪ್ಪ ಕ್ರೆಯಾನ್ಸ್, ದಾರಕ್ಕೆ ಮಣಿ ಪೋಣಿಸುವುದು, ಸ್ಪಂಜಿನಿಂದ ನೀರು ಹಿಂಡುವುದು, ಚುಕ್ಕಿ ಇಟ್ಟು ರಂಗೋಲಿ ಎಳೆಯುವುದು ಇರುತ್ತದೆ. ನಮ್ಮ ಕಡೆ ಸೊಗಡವರೆ ಕಾಲದಲ್ಲಿ ಇದಕ್ಕೆ ಮನೆಯಲ್ಲೇ ಉಪಾಯವಿದೆ. ನೆನೆಸಿದ ಅವರೆಕಾಳನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಹಿತುಕಿದರೆ ಬೇಳೆ ಪುಳಕ್ಕನೆ ಜಾರಿ ಬರುತ್ತದೆ. ಪೆನ್ಸಿಲ್ ಹಿಡಿಯಲು ಬೇಕಾದ ಬೆರಳುಗಳಿಗೆ ಇದಕ್ಕಿಂತ ಒಳ್ಳೆಯ ಕಸರತ್ತು ಯಾವ ವರ್ಕ್‌ಬುಕ್ಕಿನಲ್ಲೂ ಇಲ್ಲ. ಪಕ್ಕದಲ್ಲೇ ಕೂತು ಮಾಡಿಸಿ ಅಷ್ಟೇ. ಈ ವಯಸ್ಸಿನವರು ಕಾಳನ್ನು ಮೂಗಿಗೆ ತುರುಕಿಕೊಳ್ಳುವುದರಲ್ಲಿ ನಿಸ್ಸೀಮರು.

ಓದಿನ ಮೊದಲ ಮೆಟ್ಟಿಲು ಅಕ್ಷರಕ್ಕಿಂತ ಮುಂಚೆ ಕಿವಿಯಲ್ಲಿದೆ. ಪದವನ್ನು ತುಂಡು ಮಾಡಿ ಚಪ್ಪಾಳೆ ಹೊಡೆಯುವ ಆಟ ನೋಡಿ: ಮೈ-ಸೂ-ರು, ಮೂರು, ಮಂ-ಡ್ಯ, ಎರಡು. ಕನ್ನಡದಲ್ಲಿ ಒಂದು ಚಪ್ಪಾಳೆಗೆ ಹೆಚ್ಚುಕಡಿಮೆ ಒಂದು ಅಕ್ಷರ ಬರುವುದರಿಂದ, ಈ ಆಟ ಆಡಿದ ಮಗುವಿಗೆ ಮುಂದೆ ಬರವಣಿಗೆ ಸುಲಭ. ಅಕ್ಷರಕ್ಕೆ ಬಂದಾಗಲೂ ಅ ಆ ಇ ಈ ಸಾಲಿನಿಂದಲೇ ಶುರು ಮಾಡಬೇಕೆಂದಿಲ್ಲ. ‘ಅ’ ಬರೆಯುವುದು ಕಷ್ಟದ ಕೆಲಸ. ನಮ್ಮ ಸರ್ಕಾರಿ ಶಾಲೆಗಳಲ್ಲಿ ‘ರ ಗ ಸ ದ ಅ’ ಎಂಬ ಗುಂಪಿನಿಂದ ಆರಂಭಿಸುವುದು ಇದಕ್ಕೇ: ‘ರ’ ತಿದ್ದಿದ ಕೈ ‘ಸ’, ‘ದ’ ದಾಟಿ ‘ಅ’ಗೆ ತಲುಪುತ್ತದೆ. ಆಟ, ಹಾಡು, ಕಾರ್ಡುಗಳ ಮೂಲಕ ಕಲಿಸುವ ನಲಿ-ಕಲಿ 1995ರಲ್ಲಿ ಶುರುವಾದದ್ದು ಇಲ್ಲೇ, ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಮಗು ಮುಂದೆ ಸೇರುವ ಸರ್ಕಾರಿ ಶಾಲೆಯಲ್ಲೇ ಆಟದಿಂದ ಕಲಿಸುವಾಗ ನರ್ಸರಿಯಲ್ಲಿ ಕಾಪಿ ಬರೆಸುವುದು ತಲೆಕೆಳಗಾದ ಲೆಕ್ಕ.

2022ರ ಅಕ್ಟೋಬರ್‌ನಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಆರು ವರ್ಷದ ಮಕ್ಕಳಿಗೆ ನಿಗದಿತ ಪಠ್ಯಪುಸ್ತಕವೇ ಬೇಡ ಎನ್ನುತ್ತದೆ. ಈ ಹಂತಕ್ಕೆ ಪರೀಕ್ಷೆ ಸಲ್ಲದು ಎಂದೂ ಹೇಳುತ್ತದೆ. ಆರೇಳು ಪುಸ್ತಕದ ಕಿಟ್, ಯೂನಿಟ್ ಟೆಸ್ಟಿನ ಟೈಮ್‌ಟೇಬಲ್ ಕೈಗಿಟ್ಟರೆ ಈ ಚೌಕಟ್ಟಿನ ಬಗ್ಗೆ ಕೇಳಿ ನೋಡಿ. ‘ಪೇರೆಂಟ್ಸೇ ಕೇಳ್ತಾರೆ ಸರ್’ ಎಂಬ ಉತ್ತರ ಬರುತ್ತದೆ. ಅದು ಸುಳ್ಳೂ ಅಲ್ಲ.

ಸ್ಮಾರ್ಟ್ ಕ್ಲಾಸ್ ಇದೆ ಎಂದು ಹಿಗ್ಗಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು, ಮೂರು-ನಾಲ್ಕು ವರ್ಷದ ಮಗುವಿಗೆ ಇಡೀ ದಿನಕ್ಕೆ ಪರದೆ ಒಂದು ಗಂಟೆ ಮೀರಬಾರದು, ಆಟ, ಓಡಾಟ ಮೂರು ಗಂಟೆಯಾದರೂ ಇರಬೇಕು, ಅದರಲ್ಲಿ ಒಂದು ಗಂಟೆಯಾದರೂ ಮೈ ದಣಿಯುವಂಥದ್ದು. ಪರದೆಯ ಆ ಒಂದು ಗಂಟೆಯನ್ನು ಮನೆಯಲ್ಲಿ ನಾವೇ ಮುಗಿಸಿಯಾಗಿರುತ್ತದೆ.

ಮಾಂಟೆಸರಿ ಎಂಬ ಬೋರ್ಡು

ಮಾಂಟೆಸರಿ ಎನ್ನುವುದು ಯಾರ ನೋಂದಾಯಿತ ಸ್ವತ್ತೂ ಅಲ್ಲ, ಯಾರು ಬೇಕಾದರೂ ಬೋರ್ಡಿಗೆ ಬರೆಸಬಹುದು. ನಿಜವಾದದ್ದನ್ನು ಗುರುತಿಸುವುದು ಸುಲಭ. ಎರಡೂವರೆಯಿಂದ ಆರರವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಬೆರೆತಿರುತ್ತಾರೆ, ಬೆಳಿಗ್ಗೆ ಸುಮಾರು ಮೂರು ಗಂಟೆ ಕಾಲ, ನಡುವೆ ಬೆಲ್ ಹೊಡೆಯದೆ, ತಮಗೆ ಬೇಕಾದ ಸಾಮಗ್ರಿ ತೆಗೆದುಕೊಂಡು ಕೆಲಸ ಮಾಡುತ್ತಾರೆ, ಮುಗಿದ ಮೇಲೆ ತಾವೇ ವಾಪಸ್ ಇಡುತ್ತಾರೆ. ಒಂದರ ಮೇಲೊಂದು ಪೇರಿಸುವ ‘ಗುಲಾಬಿ ಗೋಪುರ’ ಎಂಬ ಸಾಮಗ್ರಿಯ ಹತ್ತು ಮರದ ಘನಗಳನ್ನು ಎಣಿಸಿ. ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗೆ ಹತ್ತೂ ಇರಬೇಕು. ಚಿಕ್ಕದು ಕಳೆದು ಒಂಬತ್ತೇ ಉಳಿದಿದ್ದರೆ ಯಾರೂ ಗಮನಿಸುತ್ತಿಲ್ಲ. ಸಾಮಗ್ರಿ ಬೀಗ ಹಾಕಿದ ಗಾಜಿನ ಬೀರುವಿನಲ್ಲಿದ್ದರೆ, ಅರ್ಧ ಗಂಟೆಗೊಂದು ಪೀರಿಯಡ್ ಇದ್ದರೆ, ಬೋರ್ಡಿನಲ್ಲಷ್ಟೇ ಮಾಂಟೆಸರಿ. ಬೆರಳಾಡಿಸಿ ಕಲಿಯುವ ಮರಳು ಕಾಗದದ ಅಕ್ಷರಗಳು ಕನ್ನಡದಲ್ಲೂ ಇವೆಯೇ ಕೇಳಿ.

ಭಾಷೆಯ ವಿಷಯಕ್ಕೆ ಬಂದರೆ, ಮನೆಮಾತಿನಲ್ಲೇ ಶುರುವಾಗಲಿ ಎಂದು 2020ರ ಶಿಕ್ಷಣ ನೀತಿಯೂ ಹೇಳಿದೆ. ವಾದ ಬದಿಗಿರಲಿ, ಇಂಗ್ಲಿಷಿನಲ್ಲೇ ಮಾತಾಡಬೇಕೆಂಬ ಕಟ್ಟುನಿಟ್ಟಿರುವ ಕಡೆ ಹೊಸ ಮಗು ‘ಸುಸು ಬಂತು’ ಎನ್ನಲು ಹೆದರಿ ತಡೆದುಕೊಂಡು ಕೂರುತ್ತದೆ, ಚಡ್ಡಿ ಒದ್ದೆಯಾಗುತ್ತದೆ, ಮಾರನೇ ದಿನ ಶಾಲೆ ಬೇಡ ಎನ್ನುತ್ತದೆ. ಮನೆಯಲ್ಲಿ ಉರ್ದು, ತಮಿಳು, ತೆಲುಗು ಆಡುವ ಮಕ್ಕಳಿಗೂ ಅವರ ಮಾತು ಅರ್ಥವಾಗುವ ಒಬ್ಬರಾದರೂ ಆ ಕಟ್ಟಡದಲ್ಲಿ ಇರಬೇಕು. ಇಂಗ್ಲಿಷು ಹಾಡಲ್ಲಿ, ಕಥೆಯಲ್ಲಿ ಬರಲಿ, ಅವಸರವಿಲ್ಲ.

ಅಂಗನವಾಡಿಯನ್ನು ಪಟ್ಟಿಯಿಂದ ತೆಗೆಯಬೇಡಿ

ದೇಶದಲ್ಲಿ ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ) ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ರಾಜ್ಯದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಮನೆಗೆ ಹತ್ತಿರ, ಫೀಸಿಲ್ಲ, ಬಿಸಿಯೂಟ, ಹಾಲು ಉಂಟು, ಮಗುವಿನ ತೂಕ ಎತ್ತರ ದಾಖಲಾಗುತ್ತದೆ. ಕೊರತೆ ಎಲ್ಲಿ ಅಂದರೆ, ಕಾರ್ಯಕರ್ತೆಯ ತಲೆ ಮೇಲೆ ಸಮೀಕ್ಷೆ, ಮೊಬೈಲ್ ಆ್ಯಪ್, ರಿಜಿಸ್ಟರು, ಮೀಟಿಂಗು ಎಲ್ಲವೂ ಬಿದ್ದಿರುತ್ತದೆ. ಹಾಗಾಗಿ ಕೇಂದ್ರದಿಂದ ಕೇಂದ್ರಕ್ಕೆ ಭಾರಿ ವ್ಯತ್ಯಾಸ. ನಿಮ್ಮ ಬೀದಿಯ ಕೇಂದ್ರದಲ್ಲಿ ದಿನಕ್ಕೆ ಎರಡು ಗಂಟೆಯಾದರೂ ಹಾಡು, ಕಥೆ, ಆಟ ನಡೆಯುತ್ತಿದ್ದರೆ ಅದು ಮೂರು ಕಿಲೋಮೀಟರು ದೂರದ ಇಕ್ಕಟ್ಟಾದ ಪ್ಲೇಹೋಮ್‌ಗಿಂತ ಮೇಲು. ಸರ್ಕಾರದ್ದೇ ಆದ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿಯೂ ಇವೆ, ಸೀಟು ಬೇಗ ತುಂಬುತ್ತವೆ.

ಸಂಪು, ಗ್ರಿಲ್, ವ್ಯಾನು

ಬಾಡಿಗೆ ಮನೆ ಶಾಲೆಯಾದಾಗ ಮನೆಯ ಅಪಾಯಗಳೂ ಜೊತೆಗೇ ಬರುತ್ತವೆ. ಗೇಟಿನ ಹಿಂದೆಯೇ ಇರುವ ಸಂಪಿನ ಮುಚ್ಚಳಕ್ಕೆ ಬೀಗವಿದೆಯೇ, ತುಕ್ಕು ಹಿಡಿದ ತೆಳು ತಗಡೇ ಎಂದು ಕಾಲಲ್ಲಿ ತಟ್ಟಿ ನೋಡಿ. ಟ್ಯಾಂಕರ್ ನೀರು ಬಂದಾಗ ಅದನ್ನು ತೆರೆದಿಟ್ಟು ಹೋಗುವುದುಂಟು. ಮಹಡಿಯ ಗ್ರಿಲ್ಲಿನ ಸಂದು ನಾಲ್ಕು ಇಂಚಿಗಿಂತ ಅಗಲವಿದ್ದರೆ ಚಿಕ್ಕ ಮಗು ನುಸುಳಬಹುದು. ಅಡ್ಡ ಸರಳಿನ ಗ್ರಿಲ್ ಏಣಿಯಾಗುತ್ತದೆ, ನಿಲುವು ಸರಳೇ ಒಳ್ಳೆಯದು. ಮಂಡ್ಯದ ಸುತ್ತ ಹಳ್ಳಿಗಳಲ್ಲಿ ನಾಲೆ ಪಕ್ಕದ ಶಾಲೆಯಾದರೆ ಕಾಂಪೌಂಡು, ಬೀಗ ಹಾಕುವ ಗೇಟು ಇಲ್ಲದೆ ಸೇರಿಸಲೇಬೇಡಿ.

ಶಾಲಾ ವಾಹನ ಹಳದಿ ಬಣ್ಣದ್ದಾಗಿರಬೇಕು, ಗಂಟೆಗೆ 40 ಕಿಲೋಮೀಟರ್ ಮೀರದಂತೆ ವೇಗ ನಿಯಂತ್ರಕ, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಬೆಂಕಿ ಆರಿಸುವ ಸಿಲಿಂಡರ್, ಜೊತೆಗೆ ಒಬ್ಬ ಸಹಾಯಕರು ಇರಬೇಕು. ಕಬ್ಬಿನ ಟ್ರ್ಯಾಕ್ಟರು ಸಾಲುಗಟ್ಟುವ ದಿನಗಳಲ್ಲಿ ಮಂಡ್ಯದ ರಸ್ತೆಯಲ್ಲಿ ಆಟೋದ ತುಂಬ ಮಕ್ಕಳನ್ನು ತುರುಕಿ, ಬ್ಯಾಗುಗಳನ್ನು ಹೊರಗೆ ನೇತುಹಾಕಿ ಹೋಗುವುದು ಕಣ್ಣಾರೆ ಕಾಣುವ ವಿಷಯ. ವ್ಯಾನಿನವರನ್ನು ಕೇಳಬೇಕಾದ್ದು ಎರಡೇ. ಇಳಿಸಿದ ಮೇಲೆ ಕೊನೇ ಸೀಟಿನವರೆಗೆ ನಡೆದು ನೋಡುವವರು ಯಾರು? ನಿದ್ದೆ ಹೋದ ಮಗು ಒಳಗೇ ಉಳಿಯುವುದು ಹಾಗೆ ನೋಡದಿದ್ದಾಗ. ಇನ್ನೊಂದು, ಕರೆದೊಯ್ಯಲು ಹೊಸಬರು ಬಂದರೆ ಏನು ಮಾಡುತ್ತೀರಿ? ಮೂರು ವರ್ಷದ ಮಗುವಿಗೆ ಪ್ರಯಾಣ ಇಪ್ಪತ್ತು ನಿಮಿಷ ದಾಟದಿದ್ದರೆ ಚೆನ್ನ. ಈ ವಯಸ್ಸಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು, ಏಳೂವರೆ ವ್ಯಾನು ಮೊದಲು ಕಿತ್ತುಕೊಳ್ಳುವುದು ಅದನ್ನೇ.

ದುಡ್ಡು

‘ತಿಂಗಳಿಗೆ ಎರಡೂವರೆ ಸಾವಿರ’ ಎಂಬ ಮಾತನ್ನು ವರ್ಷದ ಲೆಕ್ಕಕ್ಕೆ ತಿರುಗಿಸಿ. ಉದಾಹರಣೆಗೆ, ಹತ್ತು ತಿಂಗಳಿಗೆ 25,000, ಅಡ್ಮಿಷನ್ 10,000, ಪುಸ್ತಕದ ಕಿಟ್ 4,000, ಯೂನಿಫಾರ್ಮ್ 2,500, ಆನ್ಯುವಲ್ ಡೇ 2,000, ವ್ಯಾನು 12,000. ಒಟ್ಟು 55,500, ತಿಂಗಳಿಗೆ ಬಿದ್ದದ್ದು 5,550. ಮುಂದಿನ ವರ್ಷ ಅಡ್ಮಿಷನ್ ಫೀ ಮತ್ತೆ ಇದೆಯೇ, ನಡುವೆ ಬಿಟ್ಟರೆ ಎಷ್ಟು ವಾಪಸ್ ಎಂಬುದನ್ನು ರಸೀದಿಯ ಮೇಲೇ ಬರೆಸಿ. ಬೋಧನಾ ಶುಲ್ಕ ಪ್ರತ್ಯೇಕವಾಗಿ ನಮೂದಾದ ರಸೀದಿ ಇಟ್ಟುಕೊಳ್ಳಿ. ಹಳೆಯ ಆದಾಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಪ್ಲೇಸ್ಕೂಲು, ನರ್ಸರಿಯ ಬೋಧನಾ ಶುಲ್ಕಕ್ಕೂ ವಿನಾಯಿತಿ ಸಿಗುತ್ತದೆ, ಡೊನೇಷನ್‌ಗೆ ಸಿಗುವುದಿಲ್ಲ. ಮುಂದಕ್ಕೆ ಒಂದನೇ ತರಗತಿಯೂ ಅಲ್ಲೇ ಎಂದುಕೊಂಡಿದ್ದರೆ ಸರ್ಕಾರಿ ದಾಖಲೆಯಲ್ಲಿ ಶಾಲೆಯನ್ನು ಗುರುತಿಸುವ ಯುಡೈಸ್ ಸಂಖ್ಯೆ ಕೇಳಿ. ಹನ್ನೊಂದು ಅಂಕಿಯ ಅದು ಕರ್ನಾಟಕದಲ್ಲಿ 29ರಿಂದ ಶುರುವಾಗುತ್ತದೆ.

ಮಾತು ತಡವಾದ ಮಗು

‘ಸ್ಕೂಲಿಗೆ ಹಾಕಿದ್ರೆ ಮಾತು ತಾನಾಗೇ ಬರುತ್ತೆ’ ಎಂದು ಎಲ್ಲರೂ ಹೇಳುತ್ತಾರೆ. ಎರಡು ವರ್ಷ ತುಂಬಿದರೂ ‘ಅಮ್ಮ ಬಾ’ ಎಂಬಂತೆ ಎರಡು ಪದ ಕೂಡಿಸದಿದ್ದರೆ, ಕರೆದರೆ ತಿರುಗದಿದ್ದರೆ, ಶಾಲೆಗಿಂತ ಮೊದಲು ಕಿವಿ ಪರೀಕ್ಷೆ ಆಗಬೇಕು. ದೂರ ಹೋಗಬೇಕಿಲ್ಲ. ಮಾನಸಗಂಗೋತ್ರಿಯ ಪಕ್ಕದಲ್ಲೇ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಈ ಕೆಲಸ ಮಾಡುತ್ತಿದೆ, ಇಂಥ ಮಕ್ಕಳಿಗಾಗಿಯೇ ಅಲ್ಲಿ ಶಾಲಾಪೂರ್ವ ತರಗತಿಗಳಿವೆ. ಇತರ ಶಾಲೆಗೆ ಸೇರಿಸುವಾಗಲೂ ವಿಷಯ ಮುಚ್ಚಿಡಬೇಡಿ, ಮಿಸ್ಸಿಗೆ ಗೊತ್ತಿದ್ದರೆ ಮಗುವನ್ನು ಮುಂದೆ ಕೂರಿಸಿಕೊಳ್ಳುತ್ತಾರೆ.

ಮೊದಲ ತಿಂಗಳು

ಮೊದಲ ಎರಡು ಮೂರು ದಿನ ಒಂದು ಗಂಟೆ, ಆಮೇಲೆ ಎರಡು, ವಾರ ಕಳೆದ ಮೇಲೆ ಪೂರ್ತಿ ಹೊತ್ತು ಬಿಡಲು ಶಾಲೆ ಒಪ್ಪುತ್ತದೆಯೇ ಎಂದು ಮೊದಲೇ ಕೇಳಿಡಿ. ಕಣ್ತಪ್ಪಿಸಿ ಓಡಿಹೋಗಬೇಡಿ. ‘ಊಟದ ಹೊತ್ತಿಗೆ ಬರ್ತೀನಿ’ ಎಂದು ಹೇಳಿ, ಹೇಳಿದ ಹೊತ್ತಿಗೆ ಬನ್ನಿ. ಮಗು ಅತ್ತರೂ ಅಮ್ಮ ಬರುತ್ತಾಳೆಂಬ ನಂಬಿಕೆ ಹುಟ್ಟುವುದು ಹಾಗೆಯೇ. ಎರಡರಿಂದ ನಾಲ್ಕು ವಾರದಲ್ಲಿ ಬಹುತೇಕ ಮಕ್ಕಳು ಹೊಂದಿಕೊಳ್ಳುತ್ತಾರೆ. ಮೊದಲ ಮಳೆಗಾಲದಲ್ಲಿ ನೆಗಡಿ, ಜ್ವರ ಪದೇ ಪದೇ ಬರುವುದು ಸಹಜ. ಅಂಗೈ, ಅಂಗಾಲು, ಬಾಯಲ್ಲಿ ಗುಳ್ಳೆ ಎದ್ದರೆ ಜ್ವರ ಬಿಟ್ಟು ಗುಳ್ಳೆ ಒಣಗುವವರೆಗೆ ಮನೆಯಲ್ಲಿರಲಿ. ಜ್ವರವಿದ್ದರೂ ಕಳಿಸಿ ಎನ್ನುವ ಶಾಲೆಯಲ್ಲಿ ಕಾಯಿಲೆ ಸುತ್ತುತ್ತಲೇ ಇರುತ್ತದೆ.

ತಿಂಗಳು ಕಳೆದರೂ ನಿದ್ದೆಯಲ್ಲಿ ಬೆಚ್ಚುವುದು, ಒಣಗಿದ್ದ ಹಾಸಿಗೆ ಮತ್ತೆ ಒದ್ದೆಯಾಗುವುದು, ಒಬ್ಬರ ಹೆಸರು ಕೇಳಿದರೇ ಮುದುಡುವುದು, ಸ್ನಾನ ಮಾಡಿಸುವಾಗ ಮೈ ಮುಟ್ಟಗೊಡದಿರುವುದು ಕಂಡರೆ ಅದು ಹಟವಲ್ಲ. ಮಗುವನ್ನು ಗದರಿ ಕೇಳದೆ, ಸಮಾಧಾನದಿಂದ ಅದು ಹೇಳಿದಷ್ಟನ್ನು ಕೇಳಿಸಿಕೊಂಡು, ಶಾಲೆಯವರೊಂದಿಗೆ ಅವತ್ತೇ ಮಾತಾಡಿ. ದೌರ್ಜನ್ಯದ ಅನುಮಾನವಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಕಟ್ಟಿದ ಫೀಸು ದಂಡವಾಗುತ್ತದೆ ಎಂದು ಮಾರ್ಚ್‌ವರೆಗೆ ತಳ್ಳಬೇಡಿ. ಈ ಹಂತದಲ್ಲಿ ಶಾಲೆ ಬದಲಿಸಿದರೆ ತಪ್ಪಿಹೋಗುವ ಪಾಠ ಯಾವುದೂ ಇಲ್ಲ, ವರ್ಷದ ನಡುವೆ ಸೇರಿಸಿಕೊಳ್ಳುವ ಕಡೆಗಳೂ ಇವೆ.